ಕೆಳಗೊಂದು ಚೀಟಿ, ಮೇಲೊಂದು ಹೆಸರು

ಹೊರಡುವ ಹಿಂದಿನ ರಾತ್ರಿ ಅವಳು ಅರ್ಧ ಪುಟದ ಒಂದು ಚೀಟಿ ಬರೆದಳು. ಕಾರಿನ ನಂಬರು ಮತ್ತು ಬಣ್ಣ, ಯಾವ ಹೆದ್ದಾರಿಯಿಂದ ಯಾವ ಮಣ್ಣುರಸ್ತೆಗೆ ತಿರುಗುವುದು, ಯಾವ ಬೆಟ್ಟವನ್ನು ಯಾವ ಕಡೆಯಿಂದ ಹತ್ತುವುದು, ಜೊತೆಗೆ ಎಷ್ಟು ನೀರಿದೆ, ಜಾಕೆಟ್ಟಿನ ಬಣ್ಣ ಯಾವುದು. ಅದರ ಕೆಳಗೆ ಬೂಟಿನ ಅಳತೆ. ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ, ನೆವಾಡಾ ರಾಜ್ಯದ ಎಸ್ಮೆರಾಲ್ಡಾ ಕೌಂಟಿಯ ಶೆರಿಫ್ ಕಚೇರಿಯ ಫೋನ್ ನಂಬರು.

“ಬೂಟಿನ ಅಳತೆ ಯಾಕೇ?” ಎಂದಳು ಅಕ್ಕ.

“ಹುಡುಕೋಕೆ ಬಂದವರಿಗೆ ಹೆಜ್ಜೆಗುರುತು ಗೊತ್ತಾಗಬೇಕಲ್ಲ, ಅಕ್ಕ.”

ಅಕ್ಕ ಮತ್ತೇನೂ ಕೇಳಲಿಲ್ಲ. ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರ ನೆತ್ತಿಯ ಮೇಲೆ ‘ಶನಿವಾರ ರಾತ್ರಿ 9’ ಎಂದು ತಾನೇ ಬರೆದಳು. ಆ ಹೊತ್ತಿಗೆ ತಂಗಿಯ ಫೋನ್ ಬರಬೇಕು. ಬಾರದಿದ್ದರೆ ಕೊನೆಯ ಸಾಲಿನ ನಂಬರಿಗೆ ಅಕ್ಕ ಫೋನ್ ಮಾಡಬೇಕು. ಒಪ್ಪಂದ ಅಷ್ಟೇ.

ಹಾಸನದ ಕಡೆಯಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ನಿಂತ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಹೆಸರು ಇಲ್ಲಿ ಮುಖ್ಯವಲ್ಲ. ಅಲ್ಲಿನ ಕನ್ನಡಿಗರು ರಜೆ ಸಿಕ್ಕರೆ ಯೊಸೆಮಿಟಿಗೆ ಹೋಗುತ್ತಾರೆ, ಲಾಸ್ ವೇಗಸ್ಸಿಗೆ ಹೋಗುತ್ತಾರೆ, ಚಳಿಗಾಲದಲ್ಲಿ ಡೆತ್ ವ್ಯಾಲಿಗೂ ಹೋಗಿ ಬರುತ್ತಾರೆ. ಸೆಪ್ಟೆಂಬರ್ ಕೊನೆಯ ವಾರ ಅವಳು ಹೊರಟದ್ದು ಆ ಮೂರರ ಆಚೆಗೆ, ನಕ್ಷೆಯಲ್ಲಿ ಊರುಗಳ ಹೆಸರು ವಿರಳವಾಗುತ್ತಾ ಹೋಗುವ ಕಡೆಗೆ.

ಅಮೆರಿಕದಲ್ಲಿ ಎಲ್ಲಕ್ಕಿಂತ ಕಡಿಮೆ ಮಳೆ ಬೀಳುವ ರಾಜ್ಯ ನೆವಾಡಾ. ಮರುಭೂಮಿ ಎಂದರೆ ಮರಳುದಿನ್ನೆ ಎಂದುಕೊಂಡು ಹೋದವರಿಗೆ ಅಲ್ಲಿ ಕಾಣುವುದು ಬೆಟ್ಟ. ಹೆಸರಿರುವ ಬೆಟ್ಟಸಾಲುಗಳೇ ಮುನ್ನೂರಕ್ಕೂ ಹೆಚ್ಚು, ಹೆಚ್ಚುಕಡಿಮೆ ಎಲ್ಲವೂ ಉತ್ತರ ದಕ್ಷಿಣವಾಗಿ ಮಲಗಿದಂಥವು. ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ಗೆ ನಕ್ಷೆಯ ಮೇಲೆ ಅವು ಮೆಕ್ಸಿಕೋ ಕಡೆಗೆ ಹರಿದುಹೋಗುತ್ತಿರುವ ಕಂಬಳಿಹುಳುಗಳ ದಂಡಿನಂತೆ ಕಂಡಿದ್ದವು. ಕಾರಣ ನೆಲದ ಒಳಗಿದೆ. ಕೋಟ್ಯಂತರ ವರ್ಷಗಳಿಂದ ಅಲ್ಲಿ ಭೂಮಿಯ ಚಿಪ್ಪು ಪೂರ್ವಕ್ಕೂ ಪಶ್ಚಿಮಕ್ಕೂ ಹಿಗ್ಗುತ್ತಿದೆ. ಹಿಗ್ಗಿದ ಚಿಪ್ಪು ತುಂಡುತುಂಡಾಗಿ ಸೀಳಿ, ಒಂದು ತುಂಡು ಮೇಲೆದ್ದು ಬೆಟ್ಟವಾಗಿದೆ, ಪಕ್ಕದ್ದು ಕುಸಿದು ಬಯಲಾಗಿದೆ. ಬೆಟ್ಟ, ಬಯಲು, ಬೆಟ್ಟ, ಬಯಲು. ಇಡೀ ದಿನ ಕಾರು ಓಡಿಸಿದರೂ ಇದೇ ಲಯ. ಬಯಲಿಗೆ ಇಳಿದ ನೀರಿಗೆ ಹೆಚ್ಚಿನ ಕಡೆ ಸಮುದ್ರದ ದಾರಿಯಿಲ್ಲ. ಹಂಬೋಲ್ಟ್‌ನಂಥ ನದಿ ಕೂಡ ಕೊನೆಗೆ ಉಪ್ಪುನೆಲದಲ್ಲಿ ಇಂಗಿ, ಆರಿ ಹೋಗುತ್ತದೆ.

ಆ ಬೆಟ್ಟಗಳಲ್ಲಿ ಹೆಚ್ಚಿನವಕ್ಕೆ ಮೆಟ್ಟಿಲಿಲ್ಲ, ಕಾಲುದಾರಿಯಿಲ್ಲ, ಟಿಕೆಟ್ಟಿಲ್ಲ. ರಾಜ್ಯದ ಶೇಕಡ 80ರಷ್ಟು ನೆಲ ಕೇಂದ್ರ ಸರ್ಕಾರದ ಕೈಯಲ್ಲಿದೆ. ಅದರ ಬಹುಭಾಗದಲ್ಲಿ ಯಾರು ಬೇಕಾದರೂ ಕಾರು ನಿಲ್ಲಿಸಿ ಮಲಗಬಹುದು, ಎದ್ದು ಎದುರಿನ ಬೆಟ್ಟ ಹತ್ತಬಹುದು. ನಮ್ಮಲ್ಲಿ ಬೆಟ್ಟ ಎಂದರೆ ತುದಿಯಲ್ಲೊಂದು ಗುಡಿ, ದಾರಿಯಲ್ಲೊಂದು ಮಂಟಪ, ಕೊನೆಗೆ ಒಂದು ದೀಪದ ಕಂಬವಾದರೂ ಇರುತ್ತದೆ. ಅಲ್ಲಿ ತುದಿಯಲ್ಲಿ ಇರುವುದು ಒಂದು ಕಲ್ಲುಗುಪ್ಪೆ, ಅದರ ಸಂದಿಯಲ್ಲೊಂದು ತಗಡಿನ ಡಬ್ಬಿ. ಆ ಡಬ್ಬಿಯ ವಿಷಯ ಮುಂದೆ ಬರುತ್ತದೆ.

ಮೊದಲು ಕಾರಿನ ಮಾತು. ಇಂಥ ಪ್ರಯಾಣದಲ್ಲಿ ಬೆಟ್ಟಕ್ಕಿಂತ ಮೊದಲು ಗೆಲ್ಲಬೇಕಾದದ್ದು ರಸ್ತೆ. ಲೈಫ್ ಪತ್ರಿಕೆ 1986ರಲ್ಲಿ ನೆವಾಡಾದ 50ನೇ ಹೆದ್ದಾರಿಯನ್ನು ಅಮೆರಿಕದ ಅತಿ ಒಂಟಿ ರಸ್ತೆ ಎಂದು ಕರೆಯಿತು. ಅದರ ದಕ್ಷಿಣಕ್ಕಿರುವ 6ನೇ ಹೆದ್ದಾರಿ ಇನ್ನೂ ಒಂಟಿ. ಟೊನೊಪಾ ಎಂಬ ಹಳೆಯ ಬೆಳ್ಳಿಗಣಿಯ ಊರು ಬಿಟ್ಟರೆ ಈಲೀ ಊರಿನವರೆಗೆ ಸುಮಾರು 270 ಕಿಲೋಮೀಟರ್. ನಡುವೆ ಒಂದೂ ಪೆಟ್ರೋಲ್ ಬಂಕ್ ಇಲ್ಲ. ಬೆಂಗಳೂರಿನಿಂದ ಹೊರಟು ದಾವಣಗೆರೆ ಮುಟ್ಟುವವರೆಗೆ ಒಂದು ಅಂಗಡಿ, ಒಂದು ಹೋಟೆಲು, ಒಂದು ನಲ್ಲಿ ಸಿಗದಿದ್ದರೆ ಹೇಗೋ ಹಾಗೆ. ಎಸ್ಮೆರಾಲ್ಡಾ ಕೌಂಟಿಯ ವಿಸ್ತಾರ ಒಂಬತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕ ಜನ 729. ಅಲ್ಲಿ ಟ್ಯಾಂಕು ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸಬೇಕು. ಸ್ಟೆಪ್ನಿ ಇದ್ದರೆ ಸಾಲದು, ಅದರಲ್ಲಿ ಗಾಳಿ ಇದೆಯೇ ಎಂದು ಮನೆಯಲ್ಲೇ ನೋಡಿರಬೇಕು. ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಎಂಬುದು ಡೆತ್ ವ್ಯಾಲಿಯ ಉದ್ಯಾನ ಸಿಬ್ಬಂದಿ ಹೇಳುವ ಲೆಕ್ಕ. ಅವಳ ಕಾರಿನ ಹಿಂದೆ 40 ಲೀಟರ್ ನೀರು ಎರಡು ಕ್ಯಾನುಗಳಲ್ಲಿತ್ತು. ಎರಡೇಕೆಂದರೆ, ಒಂದು ಸೋರಿದರೆ ಇನ್ನೊಂದು ಉಳಿಯಬೇಕು.

ಇದೆಲ್ಲ ಅತಿಯಾಯಿತು ಅನ್ನಿಸಿದರೆ 1996ರ ಜುಲೈ ತಿಂಗಳನ್ನು ನೆನೆಯಬೇಕು. ಜರ್ಮನಿಯಿಂದ ಬಂದ ನಾಲ್ವರು, ಇಬ್ಬರು ದೊಡ್ಡವರು ಮತ್ತು ಇಬ್ಬರು ಮಕ್ಕಳು, ಬಾಡಿಗೆ ವ್ಯಾನಿನಲ್ಲಿ ಡೆತ್ ವ್ಯಾಲಿಯ ನೈಋತ್ಯದ ಮಣ್ಣುರಸ್ತೆ ಹಿಡಿದರು. ಜಗತ್ತಿನ ಅತಿ ಹೆಚ್ಚು ಉಷ್ಣತೆ ಎಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಅಳೆದದ್ದು ಅದೇ ಕಣಿವೆಯಲ್ಲಿ, 1913ರ ಜುಲೈಯಲ್ಲಿ. ಬೆಟ್ಟದ ಕಣಿವೆದಾರಿ ದಾಟಿ ಆಚೆ ಇಳಿಯುವುದು ಆ ಕುಟುಂಬದ ಯೋಚನೆ. ಹಳೆಯ ಗಣಿ ಶಿಬಿರವೊಂದರಲ್ಲಿದ್ದ ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದು, ಕಣಿವೆದಾರಿ ದಾಟುತ್ತೇವೆ ಎಂದೂ ಬರೆದರು. ಅಕ್ಟೋಬರಿನಲ್ಲಿ ಟಯರುಗಳು ಹರಿದ ಅವರ ವ್ಯಾನು ಆನ್ವಿಲ್ ಎಂಬ ಕೊರಕಲಿನಲ್ಲಿ ಸಿಕ್ಕಿತು. ಮನುಷ್ಯರ ಅವಶೇಷ ಸಿಕ್ಕಿದ್ದು 2009ರಲ್ಲಿ. ಹದಿಮೂರು ವರ್ಷ.

ಅವರು ಬರೆದಿಟ್ಟಿದ್ದರು. ಆದರೆ ಅದನ್ನು ಓದಿ, ದಿನ ಎಣಿಸಿ, ಗಾಬರಿಯಾಗಿ ಫೋನ್ ಎತ್ತುವ ಒಬ್ಬ ಮನುಷ್ಯ ಆ ಪುಸ್ತಕದ ಮುಂದೆ ಕೂತಿರಲಿಲ್ಲ. ಫ್ರಿಜ್ಜಿನ ಬಾಗಿಲಿನ ಚೀಟಿಗೂ ಗಣಿ ಶಿಬಿರದ ಪುಸ್ತಕಕ್ಕೂ ಇರುವ ವ್ಯತ್ಯಾಸ ಇದೇ.

ಬರೆಯದೆಯೇ ಹೋದವರ ಕತೆ ಇನ್ನೂ ಪ್ರಸಿದ್ಧ. ಏರನ್ ರಾಲ್ಸ್‌ಟನ್ 2003ರ ಏಪ್ರಿಲಿನಲ್ಲಿ ಯೂಟಾದ ಬ್ಲೂಜಾನ್ ಕೊರಕಲಿಗೆ ಒಬ್ಬನೇ ಇಳಿದ. ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಬಂಡೆಯೊಂದು ಉರುಳಿ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ದಾಟಿದ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಆ ಕತೆ 2010ರಲ್ಲಿ ‘127 ಅವರ್ಸ್’ ಎಂಬ ಸಿನಿಮಾ ಆಯಿತು. ಸಂಗೀತ ನಮ್ಮ ಎ. ಆರ್. ರೆಹಮಾನ್ ಅವರದು. ಸಿನಿಮಾ ನೋಡಿದವರಿಗೆ ಚಾಕು ನೆನಪಿರುತ್ತದೆ. ಒಂಟಿಯಾಗಿ ಬೆಟ್ಟಕ್ಕೆ ಹೋಗುವವರಿಗೆ ನೆನಪಿರಬೇಕಾದದ್ದು ಅವನು ಬರೆಯದ ಚೀಟಿ.

ಶುಕ್ರವಾರ ಟಯೋಗಾ ಘಟ್ಟ ದಾಟಿ, ಬೆಂಟನ್ ಎಂಬ ಹಿಡಿಯಷ್ಟು ಊರು ದಾಟಿ, ಸಂಜೆಗೆ ಅವಳು ಕ್ವೀನ್ ಕಣಿವೆಯ ಮಣ್ಣುರಸ್ತೆ ಹಿಡಿದಳು. ಗುರಿ ಬೌಂಡರಿ ಪೀಕ್. 4,005 ಮೀಟರ್, ನೆವಾಡಾದ ಅತಿ ಎತ್ತರದ ಶಿಖರ, ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮೇಲೆ. ಕಲ್ಲುರಸ್ತೆ ಕಾರಿನ ಹೊಟ್ಟೆಗೆ ತಗುಲುವಂತಾದಾಗ ಹಟ ಮಾಡದೆ ಅಲ್ಲೇ ನಿಲ್ಲಿಸಿದಳು. ಹಳೆಯ ಕ್ವೀನ್ ಗಣಿಯ ಹತ್ತಿರದವರೆಗೂ ಕಾರು ಒಯ್ಯುವವರಿದ್ದಾರೆ. ಅರ್ಧ ಗಂಟೆ ಹೆಚ್ಚು ನಡೆದರೆ ಆಗುವ ನಷ್ಟ ಅರ್ಧ ಗಂಟೆ. ಎಂಜಿನಿನ ಎಣ್ಣೆಪಾತ್ರೆ ಒಡೆದರೆ ಆಗುವ ನಷ್ಟ ಇಡೀ ಪ್ರಯಾಣ.

ಕಾರಿನ ಹಿಂಬಾಗಿಲು ಎತ್ತಿ, ಹಾಸಿಗೆಯ ಅಂಚಿನಲ್ಲಿ ಕೂತು, ಬಿಸಿನೀರಿನಲ್ಲಿ ನೆನೆಸಿದ ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡು ತಿಂದಳು. ಕೆಳಗಿನ ಇಳಿಜಾರಿನಲ್ಲಿ ಐದಾರು ಕಾಡುಕುದುರೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವುಗಳನ್ನು ಹಿಡಿಯುವುದು, ಕೊಲ್ಲುವುದು ಅಪರಾಧ ಎಂದು 1971ರಲ್ಲಿ ಕಾನೂನು ಬಂತು. ಸೇಜ್ ಪೊದೆಯ ಎಲೆಯೊಂದನ್ನು ಬೆರಳಲ್ಲಿ ಉಜ್ಜಿದರೆ ಬರುವ ವಾಸನೆ ಕರ್ಪೂರಕ್ಕೂ ತುಳಸಿಗೂ ನಡುವಿನದು. ಸೂರ್ಯ ಮುಳುಗಿದ ಹತ್ತೇ ನಿಮಿಷಕ್ಕೆ ಚಳಿ ಬಂತು. ಒಣಗಾಳಿಗೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಹಗಲಿನ ಕಾವು ಹಗಲಿನ ಜೊತೆಗೇ ಹೊರಟುಹೋಗುತ್ತದೆ. ಆಮೇಲೆ ನಕ್ಷತ್ರ. ಊರಿನ ಬೆಳಕು ಒಂದೂ ಇಲ್ಲದ ಕಡೆ ಆಕಾಶಗಂಗೆ ಮೋಡದಂತೆ ಕಾಣುತ್ತದೆ. ಮೋಡವಲ್ಲ ಎಂದು ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು.

ಬೆಳಗಿನ ಜಾವ ಐದಕ್ಕೆ ತಲೆಗೆ ದೀಪ ಕಟ್ಟಿಕೊಂಡು ಹೊರಟಾಗ ಕ್ಯಾನಿನ ಮೇಲೆ ತೆಳು ಮಂಜುಗಡ್ಡೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಆ ನಾಡಿನಲ್ಲಿ ಇನ್ನಷ್ಟು ನಿಜ. ತೇವವಿಲ್ಲದ ಗಾಳಿಯಲ್ಲಿ ದೂರದ್ದು ಮಸುಕಾಗುವುದಿಲ್ಲ. ಹತ್ತು ಕಿಲೋಮೀಟರ್ ಆಚೆಯ ತುದಿ ಎರಡು ಕಿಲೋಮೀಟರಿನಲ್ಲಿ ಇದ್ದಂತೆ ಕಾಣುತ್ತದೆ, ಹಾಲುಬಿಳುಪಿನ ಇಳಿಜಾರು ಉಜ್ಜಿ ನಯ ಮಾಡಿದಂತೆ ಕಾಣುತ್ತದೆ. ಹತ್ತಿರ ಹೋದರೆ ಆ ನಯವೆಲ್ಲ ಸಡಿಲ ಜಲ್ಲಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೀರು ಸಾವಿರಾರು ವರ್ಷ ಗ್ರಾನೈಟನ್ನು ಸೀಳಿ ಸೀಳಿ ಮಾಡಿದ ಪುಡಿ. ಕಾಲಿಟ್ಟರೆ ಇಡೀ ಇಳಿಜಾರು ಒಂದು ಗೇಣು ಕೆಳಗೆ ಜಾರುತ್ತದೆ. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಇಂಥಲ್ಲಿ ಉಪಾಯವೆಂದರೆ ಜಲ್ಲಿಯನ್ನು ಬಿಟ್ಟು ಬೆಟ್ಟದ ಬೆನ್ನಿನ ಮೇಲಿರುವ ಗಟ್ಟಿ ಬಂಡೆಗೆ ಹೋಗುವುದು. ಕಡಿದಾಗಿದ್ದರೂ ಬಂಡೆ ನಂಬಿಕಸ್ಥ.

ಬಂಡೆ ಬಂದಾಗ ಕೈ ಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಚಾರಣಿಗರು ಬೆಟ್ಟದ ಕಷ್ಟವನ್ನು ಐದು ದರ್ಜೆಗಳಲ್ಲಿ ಅಳೆಯುತ್ತಾರೆ. ಸಿಯೆರಾ ಕ್ಲಬ್ ಎಂಬ ಅಲ್ಲಿನ ಹಳೆಯ ಸಂಘ 1930ರ ದಶಕದಿಂದ ಬಳಸುತ್ತಾ ಬಂದ ಅಳತೆ ಇದು. ಮೊದಲನೆಯದು ಬರೀ ನಡಿಗೆ. ಎರಡನೆಯದರಲ್ಲಿ ಆಗಾಗ ಕೈಯೂರಬೇಕು. ಮೂರನೆಯದರಲ್ಲಿ ಕೈಯಿಲ್ಲದೆ ಆಗುವುದೇ ಇಲ್ಲ, ಬಿದ್ದರೆ ಮೂಳೆ ಮುರಿಯುತ್ತದೆ. ನಾಲ್ಕರಲ್ಲಿ ಹೆಚ್ಚಿನವರು ಹಗ್ಗ ಕೇಳುತ್ತಾರೆ, ಐದರಲ್ಲಿ ಹಗ್ಗ ಇರಲೇಬೇಕು. ಸ್ಕ್ರ್ಯಾಂಬ್ಲಿಂಗ್ ಎಂದು ಅವರು ಕರೆಯುವುದು ಎರಡು ಮತ್ತು ಮೂರರ ಆಟವನ್ನು. ಒಂಟಿಯಾಗಿ ಹೋದವರಿಗೆ ಮೂರೇ ಗಡಿ, ಅದೂ ಕಲ್ಲು ಗಟ್ಟಿಯಿದ್ದರೆ. ಹಿಡಿಯುವ ಮೊದಲು ಪ್ರತಿ ಕಲ್ಲನ್ನೂ ಅಂಗೈಯ ಬುಡದಿಂದ ತಟ್ಟಿ ನೋಡಬೇಕು. ಟಣ್ ಎಂದರೆ ಹಿಡಿಯಬಹುದು. ಡಬ್ ಎಂದು ಟೊಳ್ಳು ಸದ್ದು ಬಂದರೆ ಬಿಡಬೇಕು. ಅಡುಗೆಗೆ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಹಾಗೆಯೇ.

ಇಂಥ ಹತ್ತುವಿಕೆಯಲ್ಲಿ ಒಂದು ಸುಖವಿದೆ, ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ದಾರಿ ಇರುವ ಬೆಟ್ಟದಲ್ಲಿ ಕಾಲು ನಡೆಯುತ್ತದೆ, ಮನಸ್ಸು ಊರಿನಲ್ಲೇ ಇರುತ್ತದೆ. ದಾರಿ ಇಲ್ಲದ ಬೆಟ್ಟದಲ್ಲಿ ಮನಸ್ಸಿಗೆ ಹೋಗಲು ಬೇರೆ ಜಾಗವಿಲ್ಲ. ಈ ಕಲ್ಲು, ಆ ಬಿರುಕು, ಎಡಗಾಲು, ಬಲಗೈ. ಆಫೀಸಿನ ಕೆಲಸ, ಸಾಲದ ಕಂತು, ಊರಲ್ಲಿ ಅಮ್ಮನ ಮಂಡಿನೋವು ಎಲ್ಲವೂ ಕಾರಿನಲ್ಲೇ ಉಳಿದಿರುತ್ತವೆ. ಜೊತೆಗೆ ಯಾರೂ ಇಲ್ಲವಾದ್ದರಿಂದ ಪ್ರತಿ ತೀರ್ಮಾನವೂ ತನ್ನದೇ. ಎಡಕ್ಕೋ ಬಲಕ್ಕೋ, ಈಗ ನೀರು ಕುಡಿಯಬೇಕೋ ಆಮೇಲೋ, ಈ ಮೋಡ ಮಳೆಯದೋ ಅಲ್ಲವೋ. ಇಡೀ ವರ್ಷ ಇನ್ನೊಬ್ಬರ ವೇಳಾಪಟ್ಟಿಯಲ್ಲಿ ಬದುಕಿದವರಿಗೆ ಅಂಥ ಒಂದು ಬೆಳಗು ದೊಡ್ಡ ಸಂಪತ್ತು.

ಹತ್ತೂವರೆಗೆ ತುದಿ. ಪಶ್ಚಿಮಕ್ಕೆ ಸಿಯೆರಾ ನೆವಾಡಾದ ಸಾಲು, ಪೂರ್ವಕ್ಕೆ ಬೆಟ್ಟ, ಬಯಲು, ಬೆಟ್ಟ, ಬಯಲು. ದಕ್ಷಿಣಕ್ಕೆ, ಒಂದು ತಗ್ಗು ದಾಟಿದರೆ, ಇನ್ನೂ ಎತ್ತರದ ಮಾಂಟ್ಗೊಮರಿ ಪೀಕ್. ನೆವಾಡಾದ ಅತಿ ಎತ್ತರದ ಶಿಖರ ತಾನಿರುವ ಬೆಟ್ಟದ ಬೆನ್ನಿನ ಮೇಲೇ ಎರಡನೆಯದು. ಮಾಂಟ್ಗೊಮರಿ 4,097 ಮೀಟರ್, ಆದರೆ ಅದು ಗಡಿಯ ಆಚೆ, ಕ್ಯಾಲಿಫೋರ್ನಿಯಾದ ಪಾಲು. ರಾಜ್ಯದ ಗಡಿರೇಖೆ ಈ ಎರಡರ ನಡುವೆ ಹಾದುಹೋಗುತ್ತದೆ. ಬೌಂಡರಿ ಎಂಬ ಹೆಸರು ಬಂದದ್ದೂ ಅದರಿಂದಲೇ. ತುದಿಯಿಂದ ತುದಿಗೆ ದೂರ ಒಂದೂವರೆ ಕಿಲೋಮೀಟರೂ ಇಲ್ಲ.

ಅವಳು ಆ ತಗ್ಗನ್ನು ಬಹಳ ಹೊತ್ತು ನೋಡಿದಳು. ಮೂರನೆಯ ದರ್ಜೆಯ ಬಂಡೆ, ಅದರಲ್ಲಿ ಅರ್ಧ ಸಡಿಲ. ಗಾಳಿ ಬೆನ್ನುಚೀಲವನ್ನು ಒಂದು ಪಕ್ಕಕ್ಕೆ ನೂಕುವಷ್ಟು ಜೋರಾಗಿತ್ತು. ಹೋಗಿ ಬರಲು ಮೂರು ಗಂಟೆಯಾದರೂ ಬೇಕು. ಫ್ರಿಜ್ಜಿನ ಬಾಗಿಲಿನ ಚೀಟಿಯಲ್ಲಿ ಮಾಂಟ್ಗೊಮರಿ ಎಂಬ ಹೆಸರೇ ಇರಲಿಲ್ಲ. ಅಲ್ಲಿ ಕಾಲು ಜಾರಿದರೆ ಹುಡುಕುವವರು ಬೌಂಡರಿಯ ಈಚೆ ಬದಿಯಲ್ಲಿ ಹುಡುಕುತ್ತಿರುತ್ತಾರೆ.

ಹೋಗಲಿಲ್ಲ.

ಕಲ್ಲುಗುಪ್ಪೆಯ ಬುಡದಲ್ಲಿ ಡಬ್ಬಿ ಇತ್ತು. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಇದು ಹಳೆಯ ಪದ್ಧತಿ. ಸಿಯೆರಾ ಕ್ಲಬ್ 1894ರಲ್ಲೇ ಶಿಖರಗಳ ಮೇಲೆ ಹೆಸರು ಬರೆಯುವ ಪುಸ್ತಕಗಳನ್ನು ಲೋಹದ ಕೊಳವೆಯಲ್ಲಿ ಹಾಕಿ ಇಡತೊಡಗಿತು. ಹಳೆಯ ಪುಸ್ತಕಗಳಲ್ಲಿ ಹಲವು ಈಗ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿವೆ, ರಾಜರ ಶಾಸನ ಕಾಯ್ದಂತೆ ಕಾಯ್ದಿಟ್ಟಿದ್ದಾರೆ. ಮರುಭೂಮಿಯ ಬೆಟ್ಟಗಳಿಗೆ ಬೇರೆಯೇ ಬಳಗವಿದೆ. ಲಾಸ್ ಏಂಜಲಿಸ್‌ನ ಸಿಯೆರಾ ಕ್ಲಬ್ ಶಾಖೆಯಲ್ಲಿ 1941ರಲ್ಲಿ ಚೆಸ್ಟರ್ ವರ್ಸ್ಟೀಗ್ ಎಂಬುವರು ಮರುಭೂಮಿಯ ಶಿಖರಗಳದೇ ಒಂದು ಪಟ್ಟಿ ಮಾಡೋಣ ಎಂದು ಹೊರಟರು. ಅಲ್ಲಿಯವರೆಗೆ ಆ ಬೋಳು ಗುಡ್ಡಗಳ ಕಡೆ ಬೆಟ್ಟ ಹತ್ತುವವರು ತಿರುಗಿ ನೋಡಿದ್ದು ಕಡಿಮೆ. ಬೆರಳೆಣಿಕೆಯ ಹೆಸರುಗಳಿಂದ ಶುರುವಾದ ಪಟ್ಟಿಯಲ್ಲಿ ಇಂದು 90ಕ್ಕೂ ಹೆಚ್ಚು ಶಿಖರಗಳಿವೆ. ಡೆತ್ ವ್ಯಾಲಿಯ ನೆತ್ತಿಯ ಮೇಲಿನ ಟೆಲಿಸ್ಕೋಪ್ ಪೀಕ್ ಅದರಲ್ಲೊಂದು: 3,368 ಮೀಟರ್ ಎತ್ತರ, ಅದರ ಕಾಲಬುಡದ ಬ್ಯಾಡ್‌ವಾಟರ್ ಉಪ್ಪುನೆಲ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ.

ಡಬ್ಬಿ ಎಂದರೆ ಸೈನ್ಯದವರ ಹಳೆಯ ಗುಂಡಿನ ಪೆಟ್ಟಿಗೆ ಇರಬಹುದು, ಒಂದರೊಳಗೊಂದು ಬೋರಲು ಹಾಕಿದ ಎರಡು ತಗಡಿನ ಡಬ್ಬಿ ಇರಬಹುದು, ಗಾಜಿನ ಭರಣಿಯೂ ಇರಬಹುದು. ಒಳಗೊಂದು ನೋಟುಪುಸ್ತಕ, ಒಂದು ಪೆನ್ಸಿಲ್. ಬೌಂಡರಿಯಂಥ ಹೆಸರುವಾಸಿ ಶಿಖರದಲ್ಲಿ ಪುಸ್ತಕ ಬೇಗ ತುಂಬುತ್ತದೆ. ದೂರದ, ಯಾರಿಗೂ ಬೇಡದ ಬೆಟ್ಟದಲ್ಲಿ ವರ್ಷಕ್ಕೆ ನಾಲ್ಕೈದು ಹೆಸರು. ಒಂದೇ ಪುಸ್ತಕ ದಶಕಗಟ್ಟಲೆ ಬಾಳುತ್ತದೆ. ಅಂಥ ಪುಸ್ತಕವನ್ನು ತಿರುವುವುದು ಪೂಜಾರಿಯಿಲ್ಲದ ಹಾಳು ಗುಡಿಯಲ್ಲಿ ನಿನ್ನೆಯ ಹೂವು ಕಂಡಂತೆ. ಎರಡು ತಿಂಗಳ ಹಿಂದೆ ಇಲ್ಲಿ ಒಬ್ಬರು ಕೂತಿದ್ದರು, ಅವರ ಕೈಯೂ ಚಳಿಗೆ ನಡುಗುತ್ತಿತ್ತು, ಅಕ್ಷರ ವಕ್ರವಾಗಿದೆ. ಮುಖ ಕಾಣದ ಅವರ ಮೇಲೆ ಆ ಗಳಿಗೆಯಲ್ಲಿ ಹುಟ್ಟುವ ಪ್ರೀತಿ ಪಕ್ಕದ ಮನೆಯವರ ಮೇಲೂ ಹುಟ್ಟುವುದು ಅಪರೂಪ.

ಡಬ್ಬಿಗಳು ಬೆಟ್ಟದ ಮೇಲಿನ ಕಸ, ಅವು ಬೇಡ ಎನ್ನುವವರೂ ಇದ್ದಾರೆ. ಸ್ಮರಣಿಕೆ ಎಂದು ಹಳೆಯ ಪುಸ್ತಕಗಳನ್ನು ಎತ್ತಿಕೊಂಡು ಹೋಗುವವರೂ ಇದ್ದಾರೆ. ಎರಡನೆಯವರು ಮಾಡುವುದು ಕಳ್ಳತನ. ಮೊದಲನೆಯವರ ಮಾತಿನಲ್ಲಿ ಸ್ವಲ್ಪ ನ್ಯಾಯವಿದೆ, ಆದರೂ ಅಂಗೈಯಗಲದ ಒಂದು ಡಬ್ಬಿ ಇಡೀ ಬೆಟ್ಟಕ್ಕೆ ಭಾರವಾಗುತ್ತದೆ ಎಂದು ನಂಬುವುದು ಕಷ್ಟ.

ತುದಿಗೆ ಮೊದಲು ಬಂದವರು ಡಬ್ಬಿ ಇಟ್ಟವರೇನೂ ಅಲ್ಲ. ಟೊನೊಪಾದ ಉತ್ತರಕ್ಕೆ ಮೌಂಟ್ ಜೆಫರ್ಸನ್ ಎಂಬ ಬೆಟ್ಟವಿದೆ. ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಡೇವಿಡ್ ಹರ್ಸ್ಟ್ ಥಾಮಸ್ 1978ರಲ್ಲಿ ಅಲ್ಲಿ, ಸುಮಾರು 3,350 ಮೀಟರ್ ಎತ್ತರದಲ್ಲಿ, ಒಂದು ಊರನ್ನೇ ಕಂಡರು. ಮೂವತ್ತರಷ್ಟು ಕಲ್ಲುಮನೆಗಳ ಸುತ್ತುಗೋಡೆ, ಕಾಳು ಅರೆಯುವ ಕಲ್ಲುಗಳು. ಸಾವಿರ ವರ್ಷಕ್ಕೂ ಹಿಂದಿನಿಂದ ಜನ ಬೇಸಿಗೆಯಲ್ಲಿ ಮನೆಮಂದಿ ಸಮೇತ ಅಲ್ಲಿಗೆ ಹತ್ತಿ ಬಂದು ಸಂಸಾರ ಮಾಡಿದ್ದರು. ಅಷ್ಟು ಮೇಲೆ ಅರೆಯುವ ಕಲ್ಲು ಇದೆ ಎಂದರೆ ಅಡುಗೆ ಇತ್ತು, ಅಡುಗೆ ಇತ್ತೆಂದರೆ ಮಕ್ಕಳಿದ್ದರು. ಇಂದಿನವರು ಹಗುರ ಬೂಟು, ಉಪಗ್ರಹದ ಫೋನು ಹಿಡಿದು ಏದುಸಿರು ಬಿಡುತ್ತಾ ತಲುಪುವ ಜಾಗ ಅವರಿಗೆ ಹಿತ್ತಲಾಗಿತ್ತು.

ಕೆಲವು ಶಿಖರಗಳು ಇಂದಿಗೂ ದೇವರವು. ಅರಿಜೋನಾದ ಬಾಬೊಕಿವಾರಿ, 2,356 ಮೀಟರ್, ಟೊಹೊನೊ ಓಡಮ್ ಜನರ ಪಾಲಿಗೆ ಸೃಷ್ಟಿಕರ್ತ ಈಟೊಯಿಯ ಮನೆ. ನೆವಾಡಾದ ದಕ್ಷಿಣ ತುದಿಯ ಅವೀ ಕ್ವಾ ಅಮೆ ಮೊಹಾವೆ ಮತ್ತು ಸುತ್ತಲಿನ ಹಲವು ಬುಡಕಟ್ಟುಗಳು ತಮ್ಮ ಹುಟ್ಟಿನ ತಾಣವೆಂದು ನಂಬುವ ಬೆಟ್ಟ. ಅದರ ಸುತ್ತಲಿನ ನೆಲ 2023ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಎರಡನ್ನೂ ಹತ್ತುವವರಿದ್ದಾರೆ, ಕಾನೂನೂ ತಡೆಯುವುದಿಲ್ಲ. ಆದರೆ ದೇವರ ಬೆಟ್ಟವೆಂದರೆ ಏನೆಂದು ಬಲ್ಲ ನಾಡಿನಿಂದ ಹೋದವರು ಅಲ್ಲಿ ಬುಡದಲ್ಲಿ ನಿಂತು ಕೈಮುಗಿದು ಬಂದರೂ ಪ್ರಯಾಣ ಪೂರ್ತಿಯೇ. ಪಟ್ಟಿಯಲ್ಲಿ ಒಂದು ಗೆರೆ ಹೊಡೆಯಲು ಹತ್ತಬೇಕಾದ ಬೆಟ್ಟಗಳಲ್ಲ ಅವು.

ಇಳಿಯುವಾಗ ಬೆಳಗಿನ ಶತ್ರು ಗೆಳೆಯನಾಯಿತು. ಹತ್ತುವಾಗ ಕಾಡಿದ ಅದೇ ಜಲ್ಲಿಯಲ್ಲಿ ಹಿಮ್ಮಡಿ ಊರಿ, ಮಂಡಿ ಸಡಿಲ ಬಿಟ್ಟು, ಒಂದೊಂದು ಹೆಜ್ಜೆಗೂ ಒಂದೊಂದು ಮಾರು ಜಾರುತ್ತಾ, ಗಂಟೆಗಟ್ಟಲೆ ಹತ್ತಿದ್ದನ್ನು ನಿಮಿಷಗಳಲ್ಲಿ ಇಳಿಯಬಹುದು. ಬೂಟಿನ ತುಂಬ ಕಲ್ಲುಪುಡಿ. ಕಾರಿನ ಹತ್ತಿರ ಬಂದಾಗ ಮಧ್ಯಾಹ್ನ ಎರಡು. ಟೊನೊಪಾ ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು. ಊರ ಹೊರಗಿನ ದಿಬ್ಬ ಹತ್ತಿದ ಮೇಲೆ ಫೋನಿಗೆ ಜೀವ ಬಂತು.

“ಅಕ್ಕ, ಇಳಿದೆ.”

“ಚೀಟಿ ಹರಿದು ಹಾಕ್ಲಾ?”

“ಹರಿಬೇಡ. ನಾಡಿದ್ದು ಇನ್ನೊಂದು ಬೆಟ್ಟ. ಹಿಂದುಗಡೆ ಬರ್ಕೋ, ಹೇಳ್ತೀನಿ.”

ಆ ಇನ್ನೊಂದು ಬೆಟ್ಟ ಯೂಟಾದಲ್ಲಿತ್ತು. 6ನೇ ಹೆದ್ದಾರಿ ಹಿಡಿದು ಈಲೀ, ಅಲ್ಲಿಂದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದ ಅಂಚು. ಉದ್ಯಾನದ ಒಳಗಿರುವ ವೀಲರ್ ಶಿಖರದ ಮಗ್ಗುಲಲ್ಲಿ 1964ರಲ್ಲಿ ಸಂಶೋಧನೆಗೆಂದು ಒಂದು ಬ್ರಿಸಲ್‌ಕೋನ್ ಪೈನ್ ಮರವನ್ನು ಕಡಿದರು. ಕಡಿದ ಮೇಲೆ ಉಂಗುರ ಎಣಿಸಿದರೆ 4,800ಕ್ಕೂ ಹೆಚ್ಚು. ಅದಕ್ಕಿಂತ ಹಳೆಯ ಮರ ಆವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಆ ಬೆಟ್ಟವನ್ನು ದಾಟುವಾಗ ಅವಳು ಕಾರು ನಿಲ್ಲಿಸಲಿಲ್ಲ, ವೇಗ ಮಾತ್ರ ಕಡಿಮೆ ಮಾಡಿದಳು.

ಗಡಿ ದಾಟಿದರೆ ಹೌಸ್ ಬೆಟ್ಟಸಾಲು, ಅದರಲ್ಲಿ ನಾಚ್ ಪೀಕ್, 2,943 ಮೀಟರ್. ಇದು ಬೌಂಡರಿಯಂಥದ್ದಲ್ಲ. ಒಣಗಿದ ಹಳ್ಳದ ಒಳಗೇ ನಡೆದು, ನಡುನಡುವೆ ನೀರು ಕೊರೆದ ಸುಣ್ಣಕಲ್ಲಿನ ಮೆಟ್ಟಿಲುಗಳನ್ನು ಕೈಯೂರಿ ಹತ್ತಿ, ಮೂರು ಗಂಟೆ ಗೋಡೆಗಳ ನಡುವೆಯೇ ಹೋಗಬೇಕು. ಏನೂ ಕಾಣುವುದಿಲ್ಲ. ಕೊನೆಗೆ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕಾಲ್ಬೆರಳಿನ ಮುಂದೆ ಸುಮಾರು 670 ಮೀಟರ್ ನೇರ ಪ್ರಪಾತ. ಜೋಗದ 250 ಮೀಟರನ್ನು ಎರಡೂವರೆ ಸಲ ಒಂದರ ಮೇಲೊಂದು ಇಟ್ಟದ್ದಕ್ಕಿಂತಲೂ ಹೆಚ್ಚು. ಅಲ್ಲಿ ಅಂಚಿಗೆ ನಡೆದು ಹೋಗಬಾರದು. ಹೊಟ್ಟೆಯ ಮೇಲೆ ಮಲಗಿ ತೆವಳಿ ಹೋಗಬೇಕು. ಅವಳೂ ಹಾಗೆಯೇ ಹೋದಳು. ಕೆಳಗಿನ ಬಯಲಿನ ಮೌನ ಪ್ರಪಾತದ ಗೋಡೆ ಹತ್ತಿ ಮೇಲಕ್ಕೆ ಬಂದು ಕಿವಿಗೆ ತಾಕುವಂತಿತ್ತು.

ಆ ಗೋಡೆಯೆಲ್ಲ ಒಂದು ಕಾಲದ ಸಮುದ್ರದ ತಳ, ಸುಮಾರು ಐವತ್ತು ಕೋಟಿ ವರ್ಷ ಹಳೆಯದು. ಹತ್ತಿರದ ಇಳಿಜಾರುಗಳಲ್ಲಿ ಟ್ರೈಲೊಬೈಟ್ ಎಂಬ ಜೀವಿಯ ಪಳೆಯುಳಿಕೆಗಳು ಹೇರಳ: ಬೆರಳ ಉಗುರಿನಷ್ಟು ದೊಡ್ಡವು, ನಮ್ಮ ಒನಕೆಹುಳುವಿನಂತೆ ಪದರಪದರವಾದ ಬೆನ್ನು. ಅಲ್ಲಿನ ಯೂಟ್ ಜನ ಅದಕ್ಕೆ ತೂತು ಕೊರೆದು ತಾಯಿತದಂತೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಅವರಿಟ್ಟ ಹೆಸರಿನ ಅರ್ಥ, ಕಲ್ಲಿನ ಮನೆಯಲ್ಲಿರುವ ಸಣ್ಣ ನೀರುಹುಳು. ಹನಿ ನೀರಿಲ್ಲದ ನಾಡಿನಲ್ಲಿ ಅದು ನೀರಿನ ಹುಳು ಎಂದು ಅವರಿಗೆ ಹೇಗೆ ಹೊಳೆಯಿತೋ! ಭೂವಿಜ್ಞಾನದ ಪುಸ್ತಕ ಹೇಳುವುದೂ ಅದನ್ನೇ.

ನಾಚ್ ಪೀಕಿನ ಡಬ್ಬಿಯಲ್ಲಿದ್ದ ಪುಸ್ತಕದ ಮೂಲೆಗಳು ಮಡಿಚಿಕೊಂಡಿದ್ದವು. ಊರಿನ ಹೆಸರು, ತಾರೀಕು, ಬಿಸಿಲು, ಗಾಳಿ, ನಾಯಿಯೂ ಬಂದಿದೆ ಎಂಬ ಒಂದು ಸಾಲು. ಅವಳು ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ಸಿಲ್ ಎತ್ತಿದಳು. ಬುಡದವರೆಗೆ ಸವೆದ ಮೊಂಡು ಚೂರು, ಸೀಸವೇ ಹೊರಗಿಲ್ಲ. ಕಲ್ಲಿಗೆ ಉಜ್ಜಿ ಉಜ್ಜಿ ಸ್ವಲ್ಪ ಮೊನೆ ತರಿಸಿ, ಕನ್ನಡದಲ್ಲಿ ಹೆಸರು ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಹಾಸನ ಎಂದು ಬರೆದಳು. ಜೇಬಿನಲ್ಲಿದ್ದ ಹೊಸ ಪೆನ್ಸಿಲನ್ನು ಮುರಿದು ಅರ್ಧವನ್ನು ಡಬ್ಬಿಯಲ್ಲಿಟ್ಟು, ಇನ್ನರ್ಧವನ್ನು ಮುಂದಿನ ಬೆಟ್ಟಕ್ಕೆ ಉಳಿಸಿಕೊಂಡಳು. ಮುಚ್ಚಳ ಒತ್ತಿ, ಮೇಲೆ ಎರಡು ಕಲ್ಲು ಹೇರಿದಳು.

ಆ ಕಡೆ ಹೋಗುವವರು, ಒಬ್ಬರೇ ಹೋಗುವುದಾದರೆ, ಮನೆಯಲ್ಲಿ ಚೀಟಿ ಬರೆದಿಟ್ಟು ಹೋಗಿ. ಬೂಟಿನ ಅಳತೆಯನ್ನೂ ಬರೆಯಿರಿ. ಜೇಬಿನಲ್ಲಿ ಒಂದು ಪೆನ್ಸಿಲ್ ಇರಲಿ, ಮೊನೆ ಮಾಡಿದ್ದು. ಪೆನ್ನು ಬೇಡ. ಆ ಎತ್ತರದ ಚಳಿಗೆ ಶಾಯಿ ಇಳಿಯುವುದಿಲ್ಲ.